ಬಳೆಗಾರ ಕಟ್ಟಿದ ಜರಡಿ

ಒಂದು ಬಾಟಲಿ ವಿಸ್ಕಿಗೆ ಒಂದು ಮನೆಯ ಬೆಲೆ ಬಂತು ಎಂಬ ಸುದ್ದಿ ಪೀಪಾಯಿ ಶೆಡ್ಡಿಗೆ ತಲುಪಿದಾಗ ಬಳೆಗಾರ ಒಂದು ಹಳೆಯ ಪೀಪಾಯಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಅದರ ಸೊಂಟಕ್ಕೆ ಕಬ್ಬಿಣದ ಪಟ್ಟಿ ಇಳಿಸುತ್ತಿದ್ದ. ಸುದ್ದಿ ಹೊತ್ತು ತಂದವನು ಗೋದಾಮಿನ ಕಾವಲುಗಾರ. ಅವನ ಹೊಟ್ಟೆಯಲ್ಲಿ ಕಲ್ಲು ಕರಗಿದರೂ ಸುದ್ದಿ ಕರಗದು.

“ಮನೆ ಅಂದ್ರೆ ಎಂಥ ಮನೆ?” ಎಂದ ಬಳೆಗಾರ, ತಲೆ ಎತ್ತದೆ.

“ಮಹಡಿ ಮನೆ ಕಣಣ್ಣ. ಮುಂದೆ ಗೇಟು, ಹಿಂದೆ ತೋಟ.”

“ಗೇಟಿಗೆ ಬಣ್ಣ ಹೊಡೆದಿದ್ದಾರಾ?”

“ನಿನಗೆ ಎಲ್ಲಾ ತಮಾಷೆ. ಹರಾಜಲ್ಲಿ ಕೂಗಿದ್ದಂತೆ. ಒಬ್ಬ ಸಾಹುಕಾರ ಇದ್ದಬದ್ದ ಬಾಟಲಿ ಪೂರಾ ಎತ್ಕೊಂಡು ಹೋದ್ನಂತೆ. ಅಂಥ ಹಳೇ ವಿಸ್ಕಿ ಇನ್ನೆಲ್ಲೂ ಇಲ್ವಂತೆ.”

“ಯಾವ ಪೀಪಾಯಿದು?”

“ಕೆಳಗಿನ ಗೋದಾಮು, ಕೊನೇ ಮೂಲೆ. ಮುಚ್ಚಳದ ಮೇಲೆ ಉಗುರಿನ ಗುರುತು ಇದೆಯಲ್ಲ, ಅದು.”

ಬಳೆಗಾರನ ಕೈಯಲ್ಲಿದ್ದ ಮರದ ಕೊಡತಿ ಜಾರಿ ಬಿತ್ತು. ಉಗುರಿನ ಗುರುತಿನ ಪೀಪಾಯಿ ಆ ಕಾರ್ಖಾನೆಯಲ್ಲಿ ಇದ್ದದ್ದು ಒಂದೇ. ಅದು ಅವನು ತನ್ನ ಕೈಯಾರೆ ಕಟ್ಟಿದ ಮೊಟ್ಟಮೊದಲ ಪೀಪಾಯಿ.

ಬಳೆಗಾರ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಪೀಪಾಯಿಗೆ ಕಬ್ಬಿಣದ ಪಟ್ಟಿ ತೊಡಿಸುವ ನಾಜೂಕನ್ನು ಕಂಡು, “ಇವನೇನು ಪೀಪಾಯಿಗೆ ಬಳೆ ತೊಡಿಸ್ತಾನೋ?” ಎಂದು ಯಾರೋ ನಕ್ಕರು. ಹೆಸರು ಅಂಟಿಕೊಂಡಿತು. ಮನೆಯಲ್ಲಿ ಹೆಂಡತಿಗೂ ಅದೇ ಆಯುಧವಾಯಿತು. ಅವಳು ಹೊಲಿಗೆಯವಳು. ಯಂತ್ರದ ಮುಂದೆ ಕೂತು ಕಾಲಾಡಿಸುತ್ತಲೇ, “ಲೋಕದ ಪೀಪಾಯಿಗೆಲ್ಲ ಬಳೆ ತೊಡಿಸಿದ್ರಿ. ನನ್ನ ಕೈ ನೋಡಿ, ಬರೀ ಸೂಜಿ ಚುಚ್ಚಿದ ಗಾಯ” ಎಂದು ಆಗಾಗ ಅವನಿಗೂ ಒಂದು ಚುಚ್ಚುತ್ತಿದ್ದಳು.

ಅವನಿಗೆ ಕೆಲಸ ಕಲಿಸಿದವರು ದೊಡ್ಡ ಮೇಸ್ತ್ರಿ. ಆಳು ಕುಳ್ಳು, ದನಿ ಮಾತ್ರ ಗೋದಾಮಿನ ಈ ತುದಿಯಿಂದ ಆ ತುದಿಗೆ ಕೇಳುವಂಥದ್ದು. ಅವರು ಹೊಗಳಿದ್ದನ್ನು ಕೇಳಿದವರಿಲ್ಲ. ಬೈಯದೆ ಸುಮ್ಮನಿದ್ದರೆ ಅದನ್ನೇ ಬಹುಮಾನವೆಂದು ಹುಡುಗರು ಮನೆಗೆ ಹೋಗಿ ಹೇಳಿಕೊಳ್ಳುತ್ತಿದ್ದರು. ಓಕ್ ಮರದ ಹಲಗೆಯನ್ನು ಕೆತ್ತುವುದು, ಬೆಂಕಿಯ ಮೇಲೆ ಕಾಯಿಸಿ ಬಗ್ಗಿಸುವುದು, ಅಂಟಿಲ್ಲದೆ ಮೊಳೆಯಿಲ್ಲದೆ ಹಲಗೆಗೆ ಹಲಗೆ ಕಚ್ಚಿ ಕೂರುವಂತೆ ಬಿಗಿಯುವುದು, ಇಷ್ಟನ್ನೂ ಬೈಸಿಕೊಂಡೇ ಬಳೆಗಾರ ಕಲಿತ. ಕೊನೆಗೊಂದು ದಿನ ಮೇಸ್ತ್ರಿ, “ಹೋಗು, ಒಂದನ್ನ ನೀನೇ ಕಟ್ಟು” ಎಂದರು.

ಕಟ್ಟಿದ. ಕಟ್ಟುವ ಉತ್ಸಾಹದಲ್ಲಿ ಕೊಡತಿಯಿಂದ ತನ್ನ ಹೆಬ್ಬೆರಳಿಗೇ ಒಂದು ಕೊಟ್ಟುಕೊಂಡ. ಉಗುರು ಕಪ್ಪಾಗಿ ಬಿದ್ದುಹೋಯಿತು. ಆ ನೆನಪಿಗೆ ಕಾದ ಕಬ್ಬಿಣದಿಂದ ಮುಚ್ಚಳದ ಮೇಲೆ ಉಗುರಿನ ಆಕಾರವನ್ನು ಸುಟ್ಟು, ಇದೇ ನನ್ನ ಗುರುತು ಎಂದ. ಮೇಸ್ತ್ರಿ ಪೀಪಾಯಿಯ ಸುತ್ತ ಒಂದು ಸುತ್ತು ಬಂದರು. ಒಂದು ಹಲಗೆಯ ಮೇಲೆ ಬೆರಳು ನಿಂತಿತು.

“ಇದೇನೋ ಇದು?”

“ಗಂಟು, ಮೇಸ್ತ್ರಿ.”

“ಗಂಟಿರೋ ಹಲಗೆ ಹಾಕಿದ್ಯಲ್ಲೋ! ಪೀಪಾಯಿ ಕಟ್ಟು ಅಂದ್ರೆ ಜರಡಿ ಕಟ್ಟಿದ್ಯಾ?”

“ನೋಡೋಕೆ ಚೆನ್ನಾಗಿತ್ತು ಮೇಸ್ತ್ರಿ. ಕಣ್ಣಿನ ಹಾಗೆ.”

“ಕಣ್ಣಿನ ಹಾಗೇ ಇದೆ. ಅಳೋಕೂ ಶುರು ಮಾಡುತ್ತೆ, ತಡಿ.”

ಇಡೀ ಶೆಡ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೋರುವ ಪೀಪಾಯಿಗೆ ಒಳ್ಳೆಯ ಜಾಗ ಯಾಕೆಂದು ಮೇಸ್ತ್ರಿ ಅದನ್ನು ಕೆಳಗಿನ ಗೋದಾಮಿನ ಕೊನೆಯ ಮೂಲೆಗೆ, ಕಂಬದ ಮರೆಗೆ, ನೆಲಕ್ಕೇ ತಳ್ಳಿಸಿದರು. ಹೊಸ ವಿಸ್ಕಿ ತುಂಬಿಸಿದರು. ಬೆಳಗ್ಗೆ ಶೆಡ್ಡಿಗೆ ಕಾಲಿಟ್ಟ ಕೂಡಲೇ ಮೇಸ್ತ್ರಿ ಕೇಳುವ ಮೊದಲ ಮಾತು ಅಂದಿನಿಂದ ಒಂದೇ ಆಯಿತು.

“ಸೋರ್ತೇನೋ?”

“ಇಲ್ಲ ಮೇಸ್ತ್ರಿ.”

“ಸೋರುತ್ತೆ, ಸೋರುತ್ತೆ.”

ಅದು ಸೋರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಬಳೆಗಾರ ಧೈರ್ಯ ಮಾಡಿ, “ಈಗಲಾದ್ರೂ ಪೀಪಾಯಿ ಅನ್ನಿ ಮೇಸ್ತ್ರಿ” ಎಂದ.

“ಸೋರದೆ ಇರೋದು ದೊಡ್ಡ ಮಾತೇನೋ? ಮಡಕೆನೂ ಸೋರಲ್ಲ. ಪೀಪಾಯಿ ಅನ್ನೋದು ಒಳಗಿರೋದನ್ನ ಬೆಳೆಸಬೇಕು. ಅದರೊಳಗಿನ ಒಂದು ಗುಟುಕು ನನ್ನ ನಾಲಿಗೆ ಮೇಲೆ ಬೀಳಲಿ. ಆಮೇಲೆ ಹೇಳ್ತೀನಿ. ಅಲ್ಲೀವರೆಗೂ ಅದು ಜರಡಿ.”

ಗೋದಾಮಿನಲ್ಲಿ ಶೆಡ್ಡಿನವರು ರುಚಿ ನೋಡುವಂತಿರಲಿಲ್ಲ. ಸರಿ, ಬಾಟಲಿಗೆ ಇಳಿಸಿದ ದಿನ ಸಂಬಳದಲ್ಲಿ ಒಂದನ್ನು ಕೊಂಡು ಮೇಸ್ತ್ರಿಯ ಮುಂದಿಟ್ಟರಾಯಿತು ಎಂದು ಬಳೆಗಾರ ಕಾದ. ಆದರೆ ಜರಡಿ ಎಂದು ಹೆಸರು ಬಿದ್ದ ಪೀಪಾಯಿಯನ್ನು ಯಾರು ಕೇಳುತ್ತಾರೆ? ಅಕ್ಕಪಕ್ಕದವೆಲ್ಲ ಒಂದೊಂದಾಗಿ ಖಾಲಿಯಾದವು, ಹೊಸವು ಬಂದವು, ಅವೂ ಹೋದವು. ಕಂಬದ ಮರೆಯದ್ದು ಮಾತ್ರ ಹಾಗೇ ಉಳಿಯಿತು. ಪೀಪಾಯಿಯೊಳಗೆ ವಿಸ್ಕಿ ಸುಮ್ಮನೆ ಕೂರುವ ವಸ್ತುವಲ್ಲ. ವರ್ಷ ವರ್ಷವೂ ಒಂದಿಷ್ಟು ಮರದ ಮೈಯಿಂದ ಹಾದು ಗಾಳಿಯ ಪಾಲಾಗುತ್ತದೆ, ಒಂದಿಷ್ಟನ್ನು ಮರವೇ ಕುಡಿಯುತ್ತದೆ, ಉಳಿದದ್ದು ಮಾಗುತ್ತದೆ. ಕಾದಷ್ಟೂ ಕಡಿಮೆ, ಕಡಿಮೆಯಾದಷ್ಟೂ ದುಬಾರಿ. ಹೊಸ ಮ್ಯಾನೇಜರು ಬಂದು ಮೂಲೆಮೂಲೆ ಗುಡಿಸಿದಾಗ ನಲವತ್ತು ದಾಟಿದ ಆ ಮುದುಕ ಪೀಪಾಯಿ ಕಣ್ಣಿಗೆ ಬಿತ್ತು. ಉಳಿದ ಕಥೆ ಕಾವಲುಗಾರನ ಬಾಯಲ್ಲಿ ಬಂದೇ ಬಿಟ್ಟಿತಲ್ಲ.

ಆ ಸಂಜೆ ಬಳೆಗಾರ ಮನೆಗೆ ಬಂದವನೇ ಬಾಗಿಲಲ್ಲೇ ಕೂತು ನಕ್ಕ. ನಗು ನಿಂತ ಮೇಲೆ ಮುಖ ಸಪ್ಪಗಾಯಿತು.

“ಒಂದು ಬಾಟಲಿಗೆ ಒಂದು ಮನೆನಾ?” ಹೆಂಡತಿ ಹೊಲಿಗೆ ನಿಲ್ಲಿಸಿದಳು. “ಹಾಗಾದ್ರೆ ಒಂದು ಲೋಟಕ್ಕೆ ಏನು ಬಂತು? ಅಡುಗೆಮನೆ?”

“ಬಂದಿರಬಹುದು.”

“ಒಂದು ಗುಟುಕಿಗೆ ಬಚ್ಚಲುಮನೆ ಅನ್ನಿ. ಗಂಟಲಲ್ಲಿ ಬಚ್ಚಲುಮನೆ ಇಳೀತಾ ಇದ್ರೆ ಆ ಸಾಹುಕಾರನಿಗೆ ಕೆಮ್ಮು ಬರಲ್ವಾ?”

“ನಗಬೇಡ ಕಣೇ. ಮೇಸ್ತ್ರಿಗೆ ಈಗ ತೊಂಬತ್ತು. ಕಣ್ಣು ಮಬ್ಬು. ಇವತ್ತೂ ಅವರ ಜಗಲಿ ಮುಂದೆ ಹಾದು ಬಂದ್ರೆ, ಹೆಜ್ಜೆ ಸಪ್ಪಳ ಕೇಳಿ ‘ಸೋರ್ತೇನೋ’ ಅಂದ್ರು. ಇಷ್ಟು ವರ್ಷ ಕಾದಿದ್ದು ಒಂದು ಗುಟುಕಿಗೆ. ಆ ಗುಟುಕು ಇನ್ನು ನಮ್ಮ ಕೈಗೆ ಬರೋದುಂಟಾ? ನಾನು ಜರಡಿ ಕಟ್ಟಿದೋನಾಗೇ ಉಳಿದೆ.”

ಅವಳು ದಾರ ಕಚ್ಚಿ ಕಡಿದಳು.

“ವಿಸ್ಕಿ ಸಾಹುಕಾರನದಾಯ್ತು. ಪೀಪಾಯಿ ಎಲ್ಲಿದೆ?”

“ಖಾಲಿ ಬಿದ್ದಿದೆ.”

“ಖಾಲಿನಾ? ಬಣ್ಣದ ಬಟ್ಟೆ ಹಿಂಡಿದ ಮೇಲೂ ನೆನೆ ಹಾಕಿದ್ರೆ ನೀರು ಕೆಂಪಾಗುತ್ತೆ. ನಮ್ಮ ಮದುವೆಯಾದ ಹೊಸದರಲ್ಲಿ ನೀವು ಶೆಡ್ಡಿನೋರೆಲ್ಲ ಖಾಲಿ ಪೀಪಾಯಿಗೆ ಏನೋ ಸ್ನಾನ ಅಂತ ಮಾಡಿಸ್ತಿದ್ರಲ್ಲ? ಆ ದಿನ ನೀವು ಹಾಡ್ಕೊಂಡು ಮನೆಗೆ ಬರ್ತಿದ್ರಿ. ಪಕ್ಕದ ಮನೆಗೂ ಒಂದೊಂದ್ಸಲ ಹೋಗಿದ್ದಿದೆ.”

ಬಳೆಗಾರ ಎದ್ದು ನಿಂತುಬಿಟ್ಟ. ಹೌದಲ್ಲ! ಖಾಲಿಯಾದ ಪೀಪಾಯಿಗೆ ಬಿಸಿನೀರು ಹೊಯ್ದು, ಬಿರಡೆ ಜಡಿದು, ಬಿಸಿಲಲ್ಲಿಟ್ಟು ದಿನವೂ ಉರುಳಿಸುತ್ತಿದ್ದರೆ ಮರ ತಾನು ಕುಡಿದದ್ದನ್ನೆಲ್ಲ ಮೆಲ್ಲಗೆ ನೀರಿಗೆ ಬಿಟ್ಟುಕೊಡುತ್ತದೆ. ಪೀಪಾಯಿಯ ಸ್ನಾನ ಎಂದರೆ ಅದು. ಖಾಲಿ ಪೀಪಾಯಿಗಳನ್ನು ಕೂಡಲೇ ಮತ್ತೆ ತುಂಬಿಸುವ ಪದ್ಧತಿ ಬಂದ ಮೇಲೆ ಸ್ನಾನ ನಿಂತುಹೋಗಿತ್ತು. ಅವನಿಗೇ ಮರೆತುಹೋಗಿತ್ತು.

“ನಿನ್ನ ತಲೆಗೆ ಒಂದು ಚಿನ್ನದ ಬಳೆ ತೊಡಿಸಬೇಕು ಕಣೇ!”

“ಕೈಗೆ ತೊಡಿಸಿ ಸಾಕು” ಎಂದಳು ಅವಳು.

ಮಾರನೆಯ ದಿನ ಮ್ಯಾನೇಜರ ಕೋಣೆಯ ಮುಂದೆ ಬಳೆಗಾರ ಟೋಪಿ ತೆಗೆದು ನಿಂತ. ಮ್ಯಾನೇಜರು ಮಗನ ವಯಸ್ಸಿನವನು, ಹರಾಜಿನ ಖುಷಿಯಲ್ಲಿ ಇನ್ನೂ ತೇಲುತ್ತಿದ್ದ.

“ಆ ಖಾಲಿ ಪೀಪಾಯಿ ತಗೊಂಡು ಏನ್ ಮಾಡ್ತೀರಾ ಯಜಮಾನ್ರೇ?”

“ಸ್ನಾನ ಮಾಡಿಸ್ತೀನಿ ಸಾರ್.”

“ಒಳ್ಳೇದಾಯ್ತು, ಚೆನ್ನಾಗಿ ತೊಳೀರಿ. ಅದರ ಮುಚ್ಚಳಾನ ಆ ಸಾಹುಕಾರರು ಗೋಡೆಗೆ ತೂಗು ಹಾಕ್ತಾರಂತೆ. ತಿಂಗಳ ಕೊನೆಗೆ ಬಿಚ್ಚಿ ಕಳಿಸಬೇಕು.”

ಸುಳ್ಳಿನ ಮೇಲೆ ವಿಸ್ಕಿ ಇಳಿಸುವುದು ಬಳೆಗಾರನ ಮನಸ್ಸಿಗೆ ಬರಲಿಲ್ಲ. ಸ್ನಾನ ಎಂದರೇನು, ಮೇಸ್ತ್ರಿ ಯಾರು, ಜರಡಿ ಯಾವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಮ್ಯಾನೇಜರು ಬಾಯಿ ಬಿಟ್ಟುಕೊಂಡು ಕೇಳಿದ. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕ.

“ಸಾಹುಕಾರರು ಕೊಂಡಿದ್ದು ಬಾಟಲಿ, ಕೇಳಿದ್ದು ಮುಚ್ಚಳ. ಹಲಗೆ ಒಳಗಿರೋದರ ಸುದ್ದಿ ಯಾರೂ ಎತ್ತಿಲ್ಲ. ತಿಂಗಳ ಕೊನೇವರೆಗೂ ಪೀಪಾಯಿ ನಿಮ್ಮದು. ನನಗೊಂದು ಲೋಟ ಎತ್ತಿಡಿ.”

ಕೈಗಾಡಿಯ ಮೇಲೆ ಪೀಪಾಯಿ ಬಳೆಗಾರನ ಮನೆಯ ಬೀದಿಗೆ ಬಂದಾಗ ಮದುವೆಯ ದಿಬ್ಬಣ ಬಂದಷ್ಟು ಜನ. ಬೇಕರಿಯವನು ತನ್ನ ದೊಡ್ಡ ಹಂಡೆ ಕೊಟ್ಟ. ಇಸ್ತ್ರಿ ಅಂಗಡಿಯವಳು ಕೆಂಡ ಕೊಟ್ಟಳು. ನೀರು ಕುದಿಯಿತು. ಬಳೆಗಾರ ಅಂಗಿಯ ತೋಳು ಮಡಚಿ, ಬಿರಡೆ ಕಿತ್ತು, ಕೊಳವೆ ಇಟ್ಟು, ಹಂಡೆ ನೀರನ್ನು ದಬದಬ ಸುರಿದೇ ಬಿಟ್ಟ.

ಸುರಿದ ಮೇಲೆ ನೆನಪಾಯಿತು.

ಖಾಲಿ ಬಿದ್ದ ಪೀಪಾಯಿ ಒಣಗಿ ಸಣ್ಣಗಾಗುತ್ತದೆ. ಮೊದಲು ಒದ್ದೆ ಗೋಣಿ ಹೊದಿಸಬೇಕು, ಪಟ್ಟಿಗಳನ್ನು ಬಿಗಿಯಬೇಕು, ಮರ ಉಬ್ಬಬೇಕು, ಆಮೇಲೆ ನೀರು. ಶೆಡ್ಡಿಗೆ ಸೇರಿದವನಿಗೆ ಮೊದಲ ವಾರ ಹೇಳಿಕೊಡುವ ಪಾಠ ಅದು. ಸಂಭ್ರಮದಲ್ಲಿ ಬಳೆಗಾರ ಅದನ್ನೇ ನುಂಗಿಬಿಟ್ಟಿದ್ದ. ಹಲಗೆ ಹಲಗೆಯ ಸಂದಿಯಿಂದ ನೀರು ಮೊದಲು ಜಿನುಗಿತು, ಆಮೇಲೆ ಇಳಿಯಿತು, ಆಮೇಲೆ ಕಾರಂಜಿಯಾಯಿತು.

ಇಸ್ತ್ರಿಯವಳು ಬೆರಳು ಅದ್ದಿ ನೆಕ್ಕಿ ನೋಡಿ ಕಿರುಚಿದಳು: “ಅಯ್ಯಯ್ಯೋ, ಆಗಲೇ ಘಾಟು ಬಂದಿದೆ! ಬೀದಿ ಕಲ್ಲು ಕುಡೀತಿದೆಯಲ್ರೋ!”

“ಒಂದು ಅಡುಗೆಮನೆ ಹರಿದು ಹೋಯ್ತು!” ಎಂದಳು ಬಳೆಗಾರನ ಹೆಂಡತಿ. “ಪಾತ್ರೆ ತನ್ನಿ, ಪಾತ್ರೆ!”

ಲೋಟ, ಬಟ್ಟಲು, ಬೋಗುಣಿ, ಬೇಕರಿಯ ತಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಬೀದಿಯ ಜನ ಪೀಪಾಯಿಯ ಸುತ್ತ ಕುಕ್ಕರಗಾಲಲ್ಲಿ ಕೂತರು. ಸೋರಿದ್ದನ್ನು ಹಿಡಿದು ಮೇಲೆ ಸುರಿಯುವುದು, ಸುರಿದದ್ದು ಮತ್ತೆ ಸೋರುವುದು. ಬಳೆಗಾರ ಕೊಡತಿ ಎತ್ತಿಕೊಂಡು ಸುತ್ತ ಓಡುತ್ತ ಪಟ್ಟಿಯ ಮೇಲೆ ಪಟ್ಟಿ ಬಿಗಿದ. ಒದ್ದೆ ಗೋಣಿ ಹೊದಿಸಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

“ಈ ಪೀಪಾಯಿಗಿಂತ ನೀವೇ ಜಾಸ್ತಿ ಸೋರ್ತಿದ್ದೀರಲ್ರೀ” ಎಂದಳು ಹೆಂಡತಿ.

ಹೊತ್ತು ಇಳಿಯುವ ವೇಳೆಗೆ ಮರ ನೀರು ಕುಡಿದು ಉಬ್ಬಿತು. ಕಾರಂಜಿ ಜಿನುಗಾಯಿತು, ಜಿನುಗು ನಿಂತಿತು. ಬಳೆಗಾರ ಗೋಣಿ ಸರಿಸಿ ಒಂದೊಂದೇ ಹಲಗೆ ಸವರಿದ. ಗಂಟಿನ ಮೇಲೆ ಬೆರಳಿಟ್ಟ. ಆ ಗಂಟು ಆಗಲೂ ಒಣಗಿತ್ತು, ಈಗಲೂ ಒಣಗಿತ್ತು. ಸುತ್ತಲಿನ ಸಂದಿಗಳೆಲ್ಲ ಅತ್ತಾಗ ಆ ಕಣ್ಣು ಒಂದು ಹನಿ ಸುರಿಸಿರಲಿಲ್ಲ.

ಅಷ್ಟರಲ್ಲಿ, ಪಾತ್ರೆ ಹಿಡಿದು ಕೂತಿದ್ದು ಮನೆಗೆ ಹೋಗಿದ್ದ ಮೇಸ್ತ್ರಿಯ ಮಗಳು ಬೀದಿಯ ಕೊನೆಯ ಜಗಲಿಯಿಂದ ನಗು ತಡೆದುಕೊಂಡು ಮತ್ತೆ ಬಂದು ನಿಂತಳು. “ಅಣ್ಣ, ಅಪ್ಪ ಕೇಳಿಕೊಂಡು ಬಾ ಅಂದ್ರು.”

“ಏನಂತೆ?”

“ಸೋರ್ತಾ, ಅಂತೆ.”

ಬೀದಿಯೆಲ್ಲ ಗೊಳ್ಳೆಂದಿತು. ಬಳೆಗಾರ ಮಾತ್ರ ಕೊಡತಿಯನ್ನು ಕೆಳಗಿಟ್ಟ. ಇಷ್ಟು ಕಾಲ ಇಲ್ಲ ಇಲ್ಲ ಎಂದೇ ಬಂದಿದ್ದ ಬಾಯಿ ಅದು.

“ಹೌದು ಅಂತ ಹೇಳಮ್ಮ” ಎಂದ.

ಅಲ್ಲಿಂದ ತಿಂಗಳ ಕೊನೆಯವರೆಗೂ ಆ ಬೀದಿಗೆ ಒಂದು ಹೊಸ ಕಟ್ಟಳೆ ಹುಟ್ಟಿತು. ಹಾಕಿದ್ದು ಬಳೆಗಾರನ ಹೆಂಡತಿ. ಅಂಗಳದ ಮುಂದೆ ಹಾದುಹೋಗುವವರು ಪೀಪಾಯಿಯನ್ನು ಒಂದು ಉರುಳು ಉರುಳಿಸಿಯೇ ಹೋಗಬೇಕು. ಉರುಳಿಸಿದವರಿಗೆ ಕೊನೆಯ ದಿನ ಒಂದು ಲೋಟ. ಅಂಚೆಯವನು ಉರುಳಿಸಿದ. ಬೇಕರಿಯವನು ಹಿಟ್ಟಿನ ಕೈಯಲ್ಲೇ ಉರುಳಿಸಿ, ಪೀಪಾಯಿಯ ಮೈಮೇಲೆ ಬಿಳಿಯ ಹಸ್ತ ಮೂಡಿಸಿ ಹೋದ. ಕುಡಿಯದವರೂ ಉರುಳಿಸಿದರು, ತಮ್ಮ ಲೋಟ ಯಾರಿಗೆ ಕೊಡಬೇಕೆಂದು ಆಗಲೇ ಗುಟ್ಟಾಗಿ ಮಾತಾಡಿಕೊಂಡಿದ್ದರು. ಕೋಪ ಬಂದರೆ ಹೊರಗೆ ಬಂದು ಉರುಳಿಸುವುದು ಗಂಡ ಹೆಂಡಿರಿಗೆ ಅಭ್ಯಾಸವಾಗಿ, ಒಂದಿಬ್ಬರು ಬೇಕಾದ್ದಕ್ಕಿಂತ ಹೆಚ್ಚೇ ಉರುಳಿಸಿದರು. ಬಿಸಿಲು ಕಾಯಿತು, ಮರ ಬೆಚ್ಚಗಾಯಿತು. ಬಿರಡೆ ಸಡಿಲಿಸಿ ಮೂಗು ಒಡ್ಡಿದರೆ ಒಳಗಿನಿಂದ ಒಣಗಿದ ಹಣ್ಣಿನ, ಸುಟ್ಟ ಸಕ್ಕರೆಯ, ಹಳೆಯ ಮರದ ಪೆಟ್ಟಿಗೆಯ ಪರಿಮಳ ಎದ್ದು ಬರುತ್ತಿತ್ತು. ಬಳೆಗಾರ ಮೂಗು ಒಡ್ಡುವನು, ಮತ್ತೆ ಬಿರಡೆ ಮುಚ್ಚುವನು. ಮೇಸ್ತ್ರಿಗಿಂತ ಮೊದಲು ಒಂದು ತೊಟ್ಟೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಕೊನೆಯ ದಿನ ಮೇಸ್ತ್ರಿಯನ್ನು ಕುರ್ಚಿಯ ಸಮೇತ ನಾಲ್ವರು ಹೊತ್ತು ತಂದರು. ದಾರಿಯುದ್ದಕ್ಕೂ “ಓರೆ ಹಿಡೀಬೇಡ್ರೋ, ನಾನೇನು ಪೀಪಾಯಿನಾ?” ಎಂದು ಬೈಯುತ್ತಲೇ ಬಂದರು. ಮುಚ್ಚಳ ಒಯ್ಯಲು ಮ್ಯಾನೇಜರೂ ಬಂದಿದ್ದ. ಪೀಪಾಯಿಯನ್ನು ಎರಡು ದಿಮ್ಮಿಗಳ ಮೇಲೆ ಮಲಗಿಸಿ ನಲ್ಲಿ ಕೂರಿಸಿದ್ದರು.

ಮೇಸ್ತ್ರಿ ಕೈ ಚಾಚಿ ಅದರ ಮೈ ತಟ್ಟಿದರು. ಕಿವಿ ಇಟ್ಟರು. “ಸೋರ್ತೇನೋ?”

“ಸೋರ್ತು ಮೇಸ್ತ್ರಿ. ಒಣಗಿದ ಪೀಪಾಯಿಗೆ ಒಮ್ಮೆಲೇ ನೀರು ಹೊಯ್ದುಬಿಟ್ಟೆ.”

“ಮೊದಲ ವಾರದ ಪಾಠ!”

“ಹೌದು ಮೇಸ್ತ್ರಿ.”

“ಕತ್ತೆ.” ಅವರ ಬೆರಳು ಹಲಗೆಯಿಂದ ಹಲಗೆಗೆ ಹರಿದು ಗಂಟಿನ ಬಳಿಗೆ ಬಂತು. ಮಬ್ಬು ಕಣ್ಣಿನವರಿಗೂ ಆ ಜಾಗ ಮರೆತಿರಲಿಲ್ಲ. ಉಗುರಿನಿಂದ ಕೆರೆದರು, ಬೆರಳನ್ನು ತುಟಿಗೆ ಮುಟ್ಟಿಸಿ ನೋಡಿದರು. “ಇಲ್ಲಿ?”

“ಇಲ್ಲಿ ಒಂದು ಹನಿನೂ ಇಲ್ಲ.”

“ನಿಜ ಹೇಳು.”

“ನಿಜ ಕಣಪ್ಪ” ಎಂದಳು ಮಗಳೇ. “ನಾನೇ ಪಾತ್ರೆ ಹಿಡ್ಕೊಂಡು ಆ ಕಡೆ ಕೂತಿದ್ದೆ. ನನಗೊಂದು ತೊಟ್ಟೂ ಸಿಗಲಿಲ್ಲ.”

ಬಳೆಗಾರ ನಲ್ಲಿ ತಿರುಗಿಸಿದ. ಜೇನಿನ ಬಣ್ಣದ ನೀರು ಲೋಟಕ್ಕೆ ಇಳಿಯಿತು. ಅದನ್ನು ಅವನು ಮೇಸ್ತ್ರಿಯ ಕೈಗಿಟ್ಟ. ಮೇಸ್ತ್ರಿ ಮೂಸಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಬೀದಿಗೆ ಬೀದಿಯೇ ಉಸಿರು ಹಿಡಿದು ನಿಂತಿತು. ಬೇಕರಿಯವನು ಸೀನು ಬಂದರೂ ಮೂಗು ಒತ್ತಿ ಹಿಡಿದ.

“ನೀರು ಸ್ವಲ್ಪ ಜಾಸ್ತಿಯಾಯ್ತು” ಎಂದರು ಮೇಸ್ತ್ರಿ.

ಬಳೆಗಾರನ ಮುಖ ಇಳಿಯಿತು.

“ನೀರು ಹೊಯ್ದೋನು ನೀನು. ಅದಕ್ಕೆ ಪೀಪಾಯಿನ ಯಾಕೆ ಬೈಲಿ? ಪೀಪಾಯಿ ತನ್ನ ಕೆಲಸ ಮಾಡಿದೆ. ನಾನು ಕಟ್ಟಿದವೆಲ್ಲ ಎಲ್ಲೆಲ್ಲಿ ಸೌದೆಯಾದವೋ. ನಿನ್ನ ಪೀಪಾಯಿ ನೋಡು, ನಿಂತಿದೆ.”

ಪೀಪಾಯಿ! ಒಂದು ಸಲವಲ್ಲ, ಮೇಲಿಂದ ಮೇಲೆ. ಬಳೆಗಾರ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನ ಹಿಂದೆ ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡನ್ನೂ ಒಟ್ಟಿಗೇ ಮಾಡುತ್ತಿದ್ದಂತೆ ಇತ್ತು. “ಕೇಳಿದ್ಯೇನೇ?” ಎಂದ. “ಬೀದಿಗೆಲ್ಲ ಕೇಳಿಸ್ತು. ಬಾಯಿ ಮುಚ್ಕೊಳ್ಳಿ, ನೊಣ ಹೋಗುತ್ತೆ” ಎಂದಳು.

ಮೇಸ್ತ್ರಿ ಇನ್ನೊಂದು ಗುಟುಕು ಇಳಿಸಿ ಮ್ಯಾನೇಜರ ದನಿ ಕೇಳಿದ ಕಡೆಗೆ ಮುಖ ಮಾಡಿದರು. “ಸಾಹೇಬ್ರೇ, ಈ ವಿಸ್ಕಿಗೆ ಮನೆ ಬೆಲೆ ಬಂತಂತಲ್ಲ, ಯಾಕೆ ಗೊತ್ತೇನು? ನಾನು ಅವತ್ತು ಇದನ್ನ ಭೇಷ್ ಅಂದಿದ್ರೆ ಮುಂದಿನ ಸಾಲಲ್ಲಿ ಇಡ್ತಿದ್ರು. ನಾಲ್ಕು ದಿನಕ್ಕೆ ಇಳಿಸಿ ಮಾರಿ ಕೈ ತೊಳ್ಕೊಳ್ತಿದ್ರು. ಜರಡಿ ಅಂತ ಬೈದು ಮೂಲೆಗೆ ತಳ್ಳಿಸಿದೋನು ನಾನು. ಆ ಬೆಲೆಯಲ್ಲಿ ಅರ್ಧ ನನ್ನ ಬೈಗುಳದ್ದು. ಸಾಹುಕಾರರಿಗೆ ಹೇಳಿ.”

ನಗುವಿಗೆ ಬೇಕರಿಯವನ ಸೀನೂ ಸೇರಿಕೊಂಡು ಸಿಡಿಯಿತು. ಲೋಟಗಳು ಸಾಲು ನಿಂತವು. ಮ್ಯಾನೇಜರೂ ಲೋಟ ಹಿಡಿದು ಸಾಲಿಗೆ ಬಂದಾಗ ಬಳೆಗಾರನ ಹೆಂಡತಿ ನಲ್ಲಿಗೆ ಅಡ್ಡ ಕೈ ಹಿಡಿದಳು.

“ಸಾಹೇಬ್ರು ಒಂದು ಉರುಳೂ ಉರುಳಿಸಿಲ್ಲ.”

ಮ್ಯಾನೇಜರು ಕೋಟು ಬಿಚ್ಚಿ ಇಸ್ತ್ರಿಯವಳ ಕೈಗೆ ಕೊಟ್ಟ. ನಾಲ್ವರು ಪೀಪಾಯಿಯನ್ನು ದಿಮ್ಮಿಯಿಂದ ಕೆಳಗಿಳಿಸಿ, ನಲ್ಲಿ ಕಿತ್ತು ಬಿರಡೆ ಜಡಿದರು. ಮ್ಯಾನೇಜರು ಹಲ್ಲು ಕಚ್ಚಿ ತಳ್ಳಿದ. ಪೀಪಾಯಿ ಮತ್ತೆ ದಿಮ್ಮಿಯೇರಿ ನಲ್ಲಿ ಕೂತ ಮೇಲೆ, ಬೆಲೆ ತೆತ್ತವನಾಗಿ ಲೋಟ ಪಡೆದ.

ಆಮೇಲೆ ಬಳೆಗಾರ ತನ್ನ ಲೋಟ ತುಂಬಿಸಿಕೊಂಡು ಮೇಸ್ತ್ರಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಮೊದಲ ಗುಟುಕು ನಾಲಿಗೆಯ ಮೇಲೆ ಬಹಳ ಹೊತ್ತು ನಿಂತಿತು. ಏನು ರುಚಿ ಎಂದು ಯಾರೋ ಕೇಳಿದರು. ಅವನು ಹೆಬ್ಬೆರಳನ್ನು ಎತ್ತಿ ತೋರಿಸಿದ. ಎಂದೋ ಬಿದ್ದು ಮತ್ತೆ ಬೆಳೆದ ಉಗುರು ಅಲ್ಲಿ ಗಟ್ಟಿಯಾಗಿತ್ತು.

ಮೇಸ್ತ್ರಿಯ ಲೋಟ ಖಾಲಿಯಾಗಿತ್ತು. ಅದನ್ನು ನಲ್ಲಿಯ ಕಡೆಗೆ ಚಾಚಿದರು.

“ಲೋ ಬಳೆಗಾರ.”

“ಹೇಳಿ ಮೇಸ್ತ್ರಿ.”

“ಇನ್ನೊಂದ್ಸಲ ಸೋರಿಸು.”